ನೆರಳು ನೀರು ಕುಡಿದ ಬಗೆ

ಮ್ಯಾರಥಾನಿನಲ್ಲಿ ನನಗಿಂತ ಮೊದಲು ನನ್ನ ನೆರಳು ಗುರಿ ಮುಟ್ಟಿತು. ಇದರಲ್ಲಿ ಉಪ್ಪುಖಾರ ಏನೂ ಹಚ್ಚಿಲ್ಲ, ನಡೆದದ್ದು ಹಾಗೆ. ಬೆಳಿಗ್ಗೆ ಹೊರಟಾಗ ಅದು ನನ್ನ ಹಿಂದೆಯೇ ಇತ್ತು, ಮರ್ಯಾದಸ್ಥ ನೆರಳು. ಬಿಸಿಲೇರಿದಂತೆ ಕಾಲಬುಡಕ್ಕೆ ಬಂತು. ಆಮೇಲೆ ನಾನು ಒಂದು ಹೆಜ್ಜೆ ಇಡುವಷ್ಟರಲ್ಲಿ ಅದು ಒಂದೂವರೆ ಇಡತೊಡಗಿತು. ಕೊನೆಯ ತಿರುವಿನಲ್ಲಿ ಒಮ್ಮೆ ಹಿಂದಿರುಗಿ ನನ್ನನ್ನು ಮೇಲಿನಿಂದ ಕೆಳಗೆ ನೋಡಿತು. ಇವನನ್ನು ಕಾಯುತ್ತಾ ಕೂತರೆ ಆಗುವ ಹೋಗುವ ಮಾತಲ್ಲ ಎಂದು ಅನ್ನಿಸಿರಬೇಕು, ಕಾಲು ಕಿತ್ತಿತು. ನಾನು ಏದುಸಿರು ಬಿಡುತ್ತಾ ಗುರಿಯ ಗೆರೆ ದಾಟುವ ಹೊತ್ತಿಗೆ ಅದು ಒಂದು ಮರದ ಬುಡದಲ್ಲಿ ಕಾಲು ಚಾಚಿ ಕೂತು, ಸ್ಟ್ರಾ ಹಾಕಿಕೊಂಡು ನೀರು ಕುಡಿಯುತ್ತಿತ್ತು. ಪದಕ ಕೊಡುವ ಹೆಂಗಸು ಯಾರ ಕೊರಳಿಗೆ ಹಾಕಬೇಕೆಂದು ಕೇಳಿದಳು. ನೆರಳು ದೊಡ್ಡ ಮನಸ್ಸು ಮಾಡಿ ನನ್ನ ಕಡೆ ಕೈ ತೋರಿಸಿತು.

ಅವತ್ತು ಸಂಜೆ ಇದನ್ನೆಲ್ಲ ಹೆಂಡತಿಗೆ ಹೇಳಿದೆ. ಅವಳು ತರಕಾರಿ ಹೆಚ್ಚುತ್ತಿದ್ದಳು. ತಲೆ ಎತ್ತಲಿಲ್ಲ.

"ಸ್ಟ್ರಾ ಯಾಕೆ?" ಎಂದಳು.

"ನೆರಳು ಚಪ್ಪಟೆ ಅಲ್ವೇನೇ? ಲೋಟ ಎತ್ತಿದ್ರೆ ನೀರೆಲ್ಲ ಆ ಕಡೆ ಚೆಲ್ಲಿಹೋಗುತ್ತೆ."

"ಸಾಕು. ಹೋಗಿ ಕಾಲು ತೊಳ್ಕೊಳ್ಳಿ."

ನನ್ನ ಹೆಂಡತಿಯ ಬಾಯಲ್ಲಿ 'ಸಾಕು' ಎಂದರೆ ಚಪ್ಪಾಳೆ. ಮದುವೆಯಾದಾಗಿನಿಂದ ಅವಳು ನನಗೆ ಬೇರೆ ಬಹುಮಾನ ಕೊಟ್ಟದ್ದಿಲ್ಲ. ನಾನು ಬುರುಡೆ ಬಿಡುವುದು, ಅವಳು ಒಂದು ಪ್ರಶ್ನೆ ಕೇಳುವುದು, ನಾನು ಅದಕ್ಕೆ ಇನ್ನೊಂದು ಬುರುಡೆ ಸೇರಿಸುವುದು, ಅವಳು ಸಾಕು ಎನ್ನುವುದು. ನಮ್ಮ ಸಂಸಾರ ಈ ನಾಲ್ಕು ಗಾಲಿಯ ಮೇಲೆ ಓಡುತ್ತಿತ್ತು.

ಅವಳಿಗೆ ಸುಳ್ಳು ಹೇಳಲು ಬರುವುದಿಲ್ಲ. ಕಾರು ಕಲಿಸುವ ಕೆಲಸ ಅವಳದ್ದು. ಕಲಿಯುವವರ ಪಕ್ಕದ ಸೀಟಿನಲ್ಲಿ ಕೂರುತ್ತಾಳೆ, ಅವಳ ಕಾಲ ಕೆಳಗೂ ಒಂದು ಕ್ಲಚ್, ಒಂದು ಬ್ರೇಕ್ ಇರುತ್ತದೆ. ಲಾರಿ ಬಂದರೆ ಲಾರಿ ಬಂತು ಎನ್ನಬೇಕು, ಹಳ್ಳ ಬಂದರೆ ಹಳ್ಳ ಬಂತು ಎನ್ನಬೇಕು. ಆ ಕೆಲಸದಲ್ಲಿ ಕಲ್ಪನೆಗೆ ಜಾಗವಿಲ್ಲ.

ನನ್ನ ಕೆಲಸದಲ್ಲಿ ಜಾಗವಿತ್ತು. ನಾನು ಲಿಫ್ಟ್ ರಿಪೇರಿಯವನು. ಎರಡು ಮಹಡಿಗಳ ನಡುವೆ ಲಿಫ್ಟ್ ನಿಂತುಬಿಟ್ಟರೆ ನಾವು ಇಬ್ಬರು ಹೋಗುತ್ತೇವೆ. ಒಬ್ಬ ತಾರಸಿಯ ಮೆಷಿನ್ ರೂಮಿಗೆ ಹತ್ತಿ, ಬ್ರೇಕ್ ಬಿಡಿಸಿ, ಕೈಯಿಂದ ಚಕ್ರ ತಿರುಗಿಸಿ ಲಿಫ್ಟನ್ನು ಮಹಡಿಯ ಮಟ್ಟಕ್ಕೆ ತರುತ್ತಾನೆ. ಇನ್ನೊಬ್ಬ ಬಾಗಿಲ ಹೊರಗೆ ನಿಂತು ಒಳಗಿರುವವರ ಜೊತೆ ಮಾತಾಡುತ್ತಿರಬೇಕು. ಯಾಕೆಂದರೆ ಅಪಾಯ ಲಿಫ್ಟ್ ನಿಲ್ಲುವುದರಲ್ಲಿ ಇಲ್ಲ. ಒಳಗಿರುವವರು ಗಾಬರಿಬಿದ್ದು ಬಾಗಿಲು ಮೀಟಿ ಹೊರಗೆ ಹಾರುವುದರಲ್ಲಿ ಇದೆ. ಅವರ ಗಮನ ಹಿಡಿದಿಡಬೇಕು. ಮೇಲೆ ಹತ್ತುವವನು ನನ್ನ ಜೊತೆಗಾರ, ತೆಳ್ಳಗೆ ಉದ್ದಕ್ಕಿರುವುದರಿಂದ ಅವನನ್ನು ಎಲ್ಲರೂ ಏಣಿ ಎನ್ನುತ್ತಾರೆ. ಬಾಗಿಲಿನವನು ನಾನು.

ಈ ವಿದ್ಯೆಯಲ್ಲಿ ನಾನು ಎತ್ತಿದ ಕೈ. ಒಮ್ಮೆ ಜಗಳವಾಡಿಕೊಂಡು ವಕೀಲರ ಹತ್ತಿರ ಹೊರಟಿದ್ದ ಗಂಡಹೆಂಡತಿ ಸಿಕ್ಕಿಕೊಂಡರು. ಹೊರಗೆ ಬರುವಾಗ ಅವನ ಕೈಯಲ್ಲಿ ಅವಳ ಚೀಲವಿತ್ತು. ಇನ್ನೊಮ್ಮೆ ಒಬ್ಬರು ಅಜ್ಜಿ, ಬಾಗಿಲು ತೆರೆದರೂ ಕಥೆ ಮುಗಿಯುವ ತನಕ ಬರುವುದಿಲ್ಲ ಎಂದು ಒಳಗೇ ನೆಲಕ್ಕೆ ಕೂತುಬಿಟ್ಟರು. ನಾನು ಏಣಿಗೆ ಫೋನು ಮಾಡಿ, ಲಿಫ್ಟನ್ನು ಮತ್ತೆ ಅರ್ಧ ಮಹಡಿ ಕೆಳಗಿಳಿಸು, ಅಜ್ಜಿಗೆ ಮರ್ಯಾದೆಯಾಗಿ ಸಿಕ್ಕಿಕೊಳ್ಳಲು ಬಿಡು ಎಂದೆ. ಇದನ್ನು ನಂಬುವುದು ಬಿಡುವುದು ನಿಮಗೆ ಸೇರಿದ್ದು.

ಮ್ಯಾರಥಾನ್ ಮುಗಿದ ವಾರದಲ್ಲೇ ಜ್ವರ ಬಂತು. ಓಡಿ ದಣಿದ ಮೈ ಎಂದು ಸುಮ್ಮನಿದ್ದೆ. ಅದು ಎದೆಗಿಳಿದು ನ್ಯುಮೋನಿಯಾ ಆಯಿತು. ಆಸ್ಪತ್ರೆಗೆ ಸೇರಿಸಿದರು. ಬೇರೆ ಕಾಲದಲ್ಲಾಗಿದ್ದರೆ, ನನ್ನ ಮೈ ಸುಡುತ್ತಿದ್ದ ಪರಿಗೆ ನರ್ಸಮ್ಮನವರು ಒದ್ದೆ ಟವೆಲ್‌ಗಳನ್ನು ನನ್ನ ಮೇಲೆ ಹರವಿ ಒಣಗಿಸಿಕೊಳ್ಳುತ್ತಿದ್ದರು ಎಂದು ಹೇಳುತ್ತಿದ್ದೆ. ಆಗ ಹೇಳಲಿಲ್ಲ. ಜ್ವರ ಇತ್ತು. ಹೋಯಿತು. ಮನೆಗೆ ಕಳಿಸಿದರು.

ಮ್ಯಾರಥಾನಿನಲ್ಲಿ ಕಪ್ಪಾಗಿದ್ದ ಎಡಗಾಲಿನ ಹೆಬ್ಬೆರಳ ಉಗುರು ಆಸ್ಪತ್ರೆಯಲ್ಲೇ ಉದುರಿತು. ಹಾಸಿಗೆ ಬದಲಿಸುವಾಗ ಸಿಕ್ಕಿತಂತೆ. ಯಾರದಿದು ಎಂದು ಕೇಳಿದರು. ನನ್ನದಿರಬೇಕು ಎಂದೆ. ನೋವಾಗಲಿಲ್ಲವೇ ಎಂದರು. ಬೆರಳನ್ನು ಒತ್ತಿ ನೋಡಿಕೊಂಡೆ. ಯಾರದ್ದೋ ಬೆರಳು ಒತ್ತಿದ ಹಾಗಿತ್ತು.

ಮನೆಯಲ್ಲಿಯೂ ಹಾಗೆಯೇ. ಬಾಯಿಗಿಟ್ಟದ್ದು ಬಿಸಿಯೋ ತಣ್ಣಗೋ ಎಂದು ತಿಳಿಯುತ್ತಿತ್ತು, ಅದರಾಚೆಗೆ ಏನೂ ತಿಳಿಯುತ್ತಿರಲಿಲ್ಲ. ಕಿಟಕಿಯಿಂದ ಬೀದಿ ನೋಡುತ್ತಿದ್ದೆ. ಜನ ಹೋಗುತ್ತಿದ್ದರು, ಬರುತ್ತಿದ್ದರು. ಅವರು ಹೋಗುವುದೂ ಒಂದೇ, ಬರುವುದೂ ಒಂದೇ. ಪದಕವನ್ನು ಬಚ್ಚಲುಮನೆಯ ಬಾಗಿಲು ಬಡಿದುಕೊಳ್ಳದಂತೆ ಅಡ್ಡ ಇಟ್ಟಿದ್ದೆ. ಅದು ತುಸು ಭಾರವಾಗಿದೆ, ಆ ಕೆಲಸಕ್ಕೆ ಒಳ್ಳೆಯದು. ಹೆಂಡತಿ ಅದನ್ನು ಒರೆಸಿ ಮೊಳೆಗೆ ನೇತುಹಾಕಿದಳು. ಬಾಗಿಲು ಬಡಿದುಕೊಂಡಿತು. ಮತ್ತೆ ತಂದಿಟ್ಟೆ. 

ನನಗೇನೂ ಅನ್ನಿಸುತ್ತಿಲ್ಲ ಎಂದು ಒಂದಿಬ್ಬರಿಗೆ ಹೇಳಿಯೂ ನೋಡಿದೆ. ಏಣಿ ಹೊಟ್ಟೆ ಹಿಡಿದುಕೊಂಡು ನಕ್ಕ. ಮುಂದೇನಾಯ್ತು ಎಂದ. ಮುಂದೇನೂ ಆಗಲಿಲ್ಲ ಎಂದೆ. ಇನ್ನೂ ಜೋರಾಗಿ ನಕ್ಕ. ಹುಟ್ಟಿದಾಗಿನಿಂದ ರೈಲು ಬಿಟ್ಟವನಿಗೆ ಇದೊಂದು ಕಷ್ಟ ಉಂಟು.

ಕೆಲಸಕ್ಕೆ ಮರಳಿದ ಮೇಲೆ ಏಣಿಯ ನಗು ನಿಂತಿತು. ಮೊದಲ ಕರೆ ಒಂದು ಕಚೇರಿ ಕಟ್ಟಡದಿಂದ ಬಂತು. ಅವನು ಮೇಲೆ ಹೋದ. ನಾನು ಬಾಗಿಲಲ್ಲಿ ನಿಂತೆ. ಒಳಗಿದ್ದದ್ದು ಒಬ್ಬಳೇ ಹೆಂಗಸು, ಅದೇ ಕಟ್ಟಡದ ಲೆಕ್ಕಪತ್ರದ ವಿಭಾಗದವಳು.

"ಹೊರಗೆ ಯಾರಾದ್ರೂ ಇದ್ದೀರಾ?" ಎಂದಳು.

"ಇದ್ದೀನಿ."

"ಏನಾದ್ರೂ ಮಾತಾಡಿ. ನನಗೆ ಭಯ ಆಗ್ತಿದೆ."

ನಾನು ಯೋಚಿಸಿದೆ. ಕಥೆಗಳಿರುವ ಜಾಗಕ್ಕೆ ಕೈ ಹಾಕಿ ತಡಕಾಡಿದೆ. ಖಾಲಿ ಡಬ್ಬದೊಳಗೆ ಕೈ ಹಾಕಿದ ಹಾಗಾಯಿತು, ಬೆರಳಿಗೆ ತಳ ಸಿಕ್ಕಿತು.

"ಲಿಫ್ಟ್ ಕೆಟ್ಟಿದೆ" ಎಂದೆ.

 ಆಕೆ ಬಾಗಿಲು ಬಡಿಯತೊಡಗಿದಳು. ಉಗುರಿನಿಂದ ಸಂದು ಮೀಟಿದಳು. ಏಣಿ ಬೇಗ ಬೇಗ ಚಕ್ರ ತಿರುಗಿಸಿದ್ದರಿಂದ ಅನಾಹುತ ಆಗಲಿಲ್ಲ. ಅದಾದ ಮೇಲೂ ಎರಡು ಮೂರು ಕಡೆ ಹೀಗೆಯೇ ಆಯಿತು. ಒಬ್ಬರು ದೂರು ಕೊಟ್ಟರು. ಹೊರಗೆ ನಿಂತಿದ್ದವನು ಮಾತೇ ಆಡಲಿಲ್ಲ, ನಮ್ಮನ್ನು ಬಿಟ್ಟು ಹೋದ ಎಂದುಕೊಂಡೆವು ಎಂದರು. ಸೂಪರ್‌ವೈಸರ್ ನನ್ನನ್ನು ಕರೆದು ಕೂರಿಸಿದರು. ಒಳ್ಳೆಯ ಮನುಷ್ಯ. ಸೋಮವಾರದಿಂದ ಬಿಡಿಭಾಗಗಳ ಸ್ಟೋರ್ ನೋಡಿಕೊಳ್ಳಿ, ಆರಾಮದ ಕೆಲಸ, ಯಾರ ಜೊತೆಯೂ ಮಾತಾಡುವ ಅಗತ್ಯವಿಲ್ಲ ಎಂದರು. ಬೀಗದ ಕೈಯನ್ನು ಸೋಮವಾರ ಬೆಳಿಗ್ಗೆ ಅವರ ಮೇಜಿನಿಂದ ತೆಗೆದುಕೊಳ್ಳಬೇಕು. ಒಮ್ಮೆ ಸ್ಟೋರಿಗೆ ಹೋದವರು ಬಾಗಿಲ ಕೆಲಸಕ್ಕೆ ಮರಳಿದ್ದನ್ನು ನಾನು ಕಂಡಿಲ್ಲ. ನಿವೃತ್ತಿ ಅಲ್ಲಿಯೇ, ನಟ್ಟು ಬೋಲ್ಟುಗಳ ನಡುವೆ. ಆಗಲಿ ಎಂದೆ.

ಮನೆಯಲ್ಲಿ ಹೇಳಿದಾಗ ಹೆಂಡತಿ ಪಾತ್ರೆ ಒರೆಸುವುದನ್ನು ನಿಲ್ಲಿಸಿದಳು.

"ಬೇಜಾರಾಗ್ಲಿಲ್ವಾ ನಿಮಗೆ?"

"ಇಲ್ಲ."

"ನನಗಾಗಿದೆ" ಎಂದಳು. ಒರೆಸಿದ ತಟ್ಟೆಯನ್ನೇ ಮತ್ತೆ ಒರೆಸಿದಳು.

ಈ ನಡುವೆ ಎದೆಯ ಡಾಕ್ಟರರು ಎಕ್ಸ್‌ರೇ ನೋಡಿ, ಎಲ್ಲ ತಿಳಿಯಾಗಿದೆ, ಮೆಲ್ಲಗೆ ಓಡಲು ಶುರು ಮಾಡಬಹುದು ಎಂದಿದ್ದರು. ನನಗೆ ಓಡಬೇಕೆಂದೂ ಇರಲಿಲ್ಲ, ಓಡಬಾರದೆಂದೂ ಇರಲಿಲ್ಲ. ಮೆಲ್ಲಗೆ ಎಂದರೆ ಎಷ್ಟು ಮೆಲ್ಲಗೆ ಎಂದು ಹೆಂಡತಿ ಕೇಳಿದಳು. ಗಡಿಯಾರ ಗಿಡಿಯಾರ ಬೇಡ, ಓಡುತ್ತಲೇ ಬಿಡದೆ ಮಾತಾಡಲು ಆಗುತ್ತಿರಬೇಕು, ಮಾತು ತುಂಡಾದರೆ ವೇಗ ಹೆಚ್ಚಾಯಿತು ಎಂದರ್ಥ, ಆಗ ನಿಂತುಬಿಡಬೇಕು ಎಂದರು. ಆಮೇಲೆ ನನ್ನ ಕಡೆ ತಿರುಗಿ, ನಿಮಗೆ ಮಾತಿಗೇನು ಬರ ಎಂದು ನಕ್ಕರು. ಆಸ್ಪತ್ರೆಗೆ ಸೇರಿದ ಮೊದಲ ದಿನ ಅವರಿಗೂ ನೆರಳಿನ ಕಥೆ ಹೇಳಿದ್ದೆ.

ಡಾಕ್ಟರರು ಹೇಳಿದ್ದು ಸಲಹೆ. ನನ್ನ ಹೆಂಡತಿಯ ಕಿವಿಗೆ ಬಿದ್ದದ್ದು ಕಾನೂನು. ಇವರು ಓಡುವಾಗ ಮಾತಾಡುತ್ತಿದ್ದಾರೋ ಇಲ್ಲವೋ ನೋಡಲು ಪಕ್ಕದಲ್ಲಿ ಒಬ್ಬರು ಬೇಕಲ್ಲ. ಅವಳು ಓಡುವವಳಲ್ಲ. ಅವಳ ಹತ್ತಿರ ಕಾರಿತ್ತು, ಕಾರಿಗೆ ಬೆಳಗಿನ ಹೊತ್ತಿಗೆ ಕಲಿಯುವವರು ಒಬ್ಬರಿದ್ದರು.

ಆಕೆ ಟೈಲರಮ್ಮ. ಹೆಂಗಸರ ಬಟ್ಟೆ ಹೊಲಿಯುವ ಅಂಗಡಿ ಇಟ್ಟಿದ್ದಾರೆ, ಐವತ್ತು ದಾಟಿದವರು. ಡ್ರೈವಿಂಗ್ ಪರೀಕ್ಷೆಯಲ್ಲಿ ಮೂರು ಸಲ ಡುಮ್ಕಿ ಹೊಡೆದಿದ್ದರು. ತೊಂದರೆ ಏನೆಂದರೆ ಕಾರಿನ ಪೆಡಲ್ಲನ್ನು ಅವರು ಹೊಲಿಗೆ ಮಿಷನ್ನಿನ ಪೆಡಲ್ಲಿನಂತೆ ಒತ್ತುತ್ತಿದ್ದರು. ಗಡಗಡ ಎಂದು ಹೋಗುವುದು, ತಟಕ್ಕನೆ ನಿಲ್ಲುವುದು. ಕಣ್ಣೂ ಅಷ್ಟೆ, ಸೂಜಿ ನೋಡುವ ಹಾಗೆ ಬಾನೆಟ್ಟಿನ ತುದಿಯನ್ನೇ ನೋಡುತ್ತಿದ್ದರು. ಇದು ಮಿಷನ್ನಲ್ಲ ಎಂದು ಹೆಂಡತಿ ಹೇಳಿದರೆ, "ನನಗೆ ಗೊತ್ತು ಮೇಡಂ, ನನ್ನ ಕಾಲಿಗೆ ಗೊತ್ತಿಲ್ಲ" ಎನ್ನುತ್ತಿದ್ದರು. ಈ ಮಾತು ನನಗೆ ಅರ್ಥವಾಯಿತು. ಆ ದಿನಗಳಲ್ಲಿ ಯಾರದ್ದೂ ಮಾತು ಅರ್ಥವಾಗುತ್ತಿರಲಿಲ್ಲ, ಇದೊಂದು ಆಯಿತು.

ಟೈಲರಮ್ಮನಿಗೆ ಬೇಕಾದದ್ದು ಕ್ಲಚ್ಚನ್ನು ಅರ್ಧ ಮಾತ್ರ ಬಿಟ್ಟು ಮೆಲ್ಲಗೆ ತೆವಳುವ ಅಭ್ಯಾಸ. ನನಗೆ ಬೇಕಾದದ್ದೂ ಹೆಚ್ಚೂಕಡಿಮೆ ಅದೇ. ಹೆಂಡತಿ ಇಬ್ಬರನ್ನೂ ಒಂದೇ ಗಂಟೆಯಲ್ಲಿ ಮುಗಿಸಲು ತೀರ್ಮಾನಿಸಿದಳು.

ಮುಚ್ಚಿದ ಗಾಜಿನ ಕಾರ್ಖಾನೆಯೊಂದರ ಹಿಂದೆ ಒಂದು ರಸ್ತೆ ಇದೆ, ಡ್ರೈವಿಂಗ್ ಕಲಿಯುವವರನ್ನು ಬಿಟ್ಟರೆ ಅಲ್ಲಿ ಯಾರೂ ಬರುವುದಿಲ್ಲ. ಒಂದು ಕಡೆ ಉದ್ದನೆಯ ಗೋಡೆ, ಇನ್ನೊಂದು ಕಡೆ ವಿದ್ಯುತ್ ಕಂಬಗಳು, ಅರ್ಧದಲ್ಲಿ ಲಾರಿಗಳನ್ನು ತೂಗುತ್ತಿದ್ದ ತುಕ್ಕು ಹಿಡಿದ ವೇಬ್ರಿಜ್. ಮೊದಲ ದಿನ ಹೀಗೆ ಹೊರಟೆವು: ಕಾರಿನ ಒಳಗೆ ಟೈಲರಮ್ಮ ಸ್ಟೀರಿಂಗನ್ನು ಬಟ್ಟೆಯಂತೆ ಬಿಗಿಯಾಗಿ ಎಳೆದು ಹಿಡಿದುಕೊಂಡು, ಪಕ್ಕದಲ್ಲಿ ಹೆಂಡತಿ ಕಿಟಕಿ ಇಳಿಸಿ ಕಿವಿ ಹೊರಗಿಟ್ಟುಕೊಂಡು, ಆ ಕಿಟಕಿಗೆ ಸರಿಯಾಗಿ ನಾನು. ಕಾರಿನ ಹಿಂದೆ ಕಲಿಯುವವರ ಎಲ್ ಬೋರ್ಡ್ ಇತ್ತು. ನನ್ನ ಬೆನ್ನಿಗೂ ಒಂದು ಇದ್ದಿದ್ದರೆ ಚೆನ್ನಾಗಿರುತ್ತಿತ್ತು ಎಂದು ಟೈಲರಮ್ಮ ಹೇಳಿದರು. ಹೆಂಡತಿ ನನ್ನ ಮುಖ ನೋಡಿದಳು. ನಗಬೇಕಾಗಿತ್ತೆಂದು ಆಮೇಲೆ ಹೊಳೆಯಿತು.

"ಹ್ಞೂಂ, ಮಾತಾಡಿ" ಎಂದಳು.

ಕಾಲುಗಳು ಓಡುತ್ತಿದ್ದವು. ಅವು ನನ್ನವೇ ಇರಬೇಕು, ನಾನು ಎಲ್ಲಿಗೆ ಹೋದರೆ ಅಲ್ಲಿಗೆ ಬರುತ್ತಿದ್ದವು. ನೆಲಕ್ಕೆ ತಾಗುವ ಸದ್ದು ಪಕ್ಕದ ಮನೆಯಿಂದ ಕೇಳಿದ ಹಾಗೆ ಕೇಳುತ್ತಿತ್ತು.

"ಇದು ಗೋಡೆ" ಎಂದೆ. "ಗೋಡೆಗೆ ಸುಣ್ಣ ಬಳಿದಿದ್ದಾರೆ. ಅಲ್ಲಿ ಒಂದು ಕಂಬ ಇದೆ. ಕಂಬದ ಮೇಲೆ ಒಂದು ಕಾಗೆ ಇದೆ."

ಕಾರು ಗಕ್ಕನೆ ನಿಂತಿತು. ಟೈಲರಮ್ಮ ತಾನಲ್ಲ ಎಂಬಂತೆ ಎರಡೂ ಕೈ ಮೇಲೆತ್ತಿದರು. ಬ್ರೇಕ್ ಒತ್ತಿದ್ದು ಹೆಂಡತಿ.

"ನಿಲ್ಸಿ. ನಿಮಗೆ ಏದುಸಿರು ಬರ್ತಿದೆ."

"ಇಲ್ವಲ್ಲ."

"ಮತ್ತೆ ಯಾಕೆ ನಿಜ ಹೇಳ್ತಿದೀರಿ?"

 ಅವಳ ಲೆಕ್ಕ ಅವಳಿಗೆ ಸರಿಯಾಗಿತ್ತು: ನನ್ನ ಗಂಡ ಆರೋಗ್ಯವಾಗಿರುವಾಗ ಕಂಬದ ಮೇಲಿನ ಕಾಗೆ ಬರೀ ಕಾಗೆಯಾಗಿ ಇದ್ದದ್ದಿಲ್ಲ. ಅದಕ್ಕೆ ಒಬ್ಬ ಭಾವಮೈದ ಇರುತ್ತಿದ್ದ, ಆಸ್ತಿ ತಗಾದೆ ಇರುತ್ತಿತ್ತು. ಹಾಗಾಗಿ ನಿಜ ಹೇಳುತ್ತಿದ್ದಾನೆಂದರೆ ಉಸಿರು ಸಾಲುತ್ತಿಲ್ಲ. ಉಸಿರು ಸಾಲದಿದ್ದರೆ ಓಡಬಾರದು. ನನ್ನನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಮನೆಗೆ ಕರೆತಂದಳು. ಟೈಲರಮ್ಮ ದಾರಿಯಲ್ಲಿ ಎರಡು ಸಲ ಇಂಜಿನ್ ಆಫ್ ಮಾಡಿದರು.

ಮಾರನೆಯ ದಿನವೂ ಹೋದೆವು. ವೇಬ್ರಿಜ್ಜಿನ ಮೇಲೆ 'ಖಾಲಿ ಗಾಡಿ ಮೊದಲು' ಎಂದು ಬರೆದದ್ದನ್ನು ಓದಿ ಹೇಳಿದೆ. ಬ್ರೇಕ್. ಇನ್ನೊಂದು ದಿನ ಲಿಫ್ಟಿನ ಭಾಗಗಳ ಹೆಸರು ಒಂದೊಂದಾಗಿ ಹೇಳತೊಡಗಿದೆ, ಪಾಠ ಒಪ್ಪಿಸುವ ಹಾಗೆ. ಬ್ರೇಕ್. ನನ್ನ ಎದೆಗೆ ಏನೂ ಆಗಿರಲಿಲ್ಲ, ಇನ್ನೂ ಅಷ್ಟು ದೂರ ಓಡಬಹುದಿತ್ತು, ಅದನ್ನು ಹೇಳಿದೆ. ಅದೂ ನಿಜವಾದ್ದರಿಂದ ಪರಿಗಣನೆಗೆ ಬರಲಿಲ್ಲ. ಒಂದು ದಿನ ಕಷ್ಟಪಟ್ಟು ಸುಳ್ಳು ಹೇಳಲು ನೋಡಿದೆ. ಆ ಕಾಗೆ ನಿನ್ನೆ ಬಿಳಿ ಇತ್ತು ಎಂದೆ. ಹೆಂಡತಿ ಬಹಳ ಹೊತ್ತು ಮುಂದಿನದಕ್ಕೆ ಕಾದಳು. ಮುಂದಿನದು ಬರಲಿಲ್ಲ. ಇದು ಸುಳ್ಳಲ್ಲ, ತಪ್ಪು ಮಾಹಿತಿ ಎಂದು ಅವಳೇ ತೀರ್ಪು ಕೊಟ್ಟಳು. ಮೆಲ್ಲಗೆ ಬ್ರೇಕ್ ಒತ್ತಿದಳು.  ಹಿಂದಿನ ಸೀಟಿಗೆ ಹತ್ತಿದ ನನ್ನನ್ನು ಟೈಲರಮ್ಮ ಕನ್ನಡಿಯಲ್ಲಿ ನೋಡುತ್ತಿದ್ದರು, ದಾರ ಮುಗಿದ ರೀಲನ್ನು ನೋಡಿದ ಹಾಗೆ.

ಹೀಗೆ ಭಾನುವಾರ ಬಂತು. ಮಾರನೆಯ ದಿನ ಬೀಗದ ಕೈ ತೆಗೆದುಕೊಳ್ಳಬೇಕು. ಅಂದು ಬರುವುದೇ ಬೇಡ ಅಂದುಕೊಂಡಿದ್ದೆ, ಆದರೆ ಬೇಡ ಎನ್ನಲೂ ಒಂದಿಷ್ಟು ಮನಸ್ಸು ಬೇಕಲ್ಲ. ಶೂ ಹಾಕಿಕೊಂಡು ಕಾರು ಹತ್ತಿದೆ.

ಬಿಸಿಲು ಬಂದಿತ್ತು. ಗೋಡೆಯ ಬದಿಯಲ್ಲಿ ಓಡತೊಡಗಿದೆ. ಈ ಸಲ ಹೆಂಡತಿ ನನಗೆ ಮಾತಾಡಿ ಎನ್ನಲಿಲ್ಲ. ನನ್ನ ಕಡೆ ನೋಡಲೂ ಇಲ್ಲ. ಟೈಲರಮ್ಮನ ಕಡೆ ತಿರುಗಿ, ಪಾಠ ಹೇಳುವ ದನಿಯಲ್ಲೇ ಶುರು ಮಾಡಿದಳು.

"ನಿಮಗೆ ಹೇಳಿದ್ನಾ? ಇವರು ಮ್ಯಾರಥಾನ್ ಓಡಿದಾಗ ಇವರ ನೆರಳು ಇವರಿಗಿಂತ ಮೊದಲೇ ಹೋಗಿ ಮುಟ್ಟಿತ್ತು."

ಟೈಲರಮ್ಮ ಹೌದಾ ಎಂದರು.

"ಹೌದು. ಹೋಗಿ ಮರದ ಕೆಳಗೆ ನಿಂತ್ಕೊಂಡಿತ್ತು."

ನಿಂತುಕೊಂಡಿರಲಿಲ್ಲ. ಕೂತಿತ್ತು. ಅಷ್ಟು ದೂರ ಓಡಿದ ನೆರಳು ಯಾಕೆ ನಿಲ್ಲುತ್ತದೆ? ನಾನು ಸುಮ್ಮನೆ ಓಡಿದೆ.

"ನಿಂತ್ಕೊಂಡು ಏನ್ಮಾಡ್ತಿತ್ತು ಮೇಡಂ?"

"ಬಾಯಾರಿಕೆ ಆಗಿರಲ್ವಾ? ಲೋಟದಲ್ಲಿ ನೀರು ಕುಡೀತಿತ್ತು."

ಎಲ್ಲೋ ಒಂದು ಕಡೆ, ಕುತ್ತಿಗೆಯ ಹಿಂಭಾಗದಲ್ಲಿ ಇರಬೇಕು, ಏನೋ ಚುರುಗುಟ್ಟಿತು. ಬಹಳ ದಿನಗಳಿಂದ ಬಂದ್ ಆಗಿದ್ದ ಯಂತ್ರಕ್ಕೆ ಕರೆಂಟು ಕೊಟ್ಟಾಗ ಮೊದಲು ರಿಲೇ ಒಂದು ಟಿಕ್ ಎನ್ನುತ್ತದೆ, ಅಷ್ಟೇ ಸದ್ದು.

"ನೆರಳು ಹೇಗೆ ಮೇಡಂ ಲೋಟ ಹಿಡಿಯುತ್ತೆ?"

"ಕೈಯಲ್ಲಿ" ಎಂದಳು ನನ್ನ ಹೆಂಡತಿ. ಕಣ್ಣು ಮಿಟುಕಿಸದೆ ರಸ್ತೆ ನೋಡುತ್ತಾ ಮುಂದುವರಿಸಿದಳು. "ದೊಡ್ಡ ಸ್ಟೀಲ್ ಲೋಟ. ಆಮೇಲೆ ತೊಳೆದು ಇಟ್ಟಿತು."

"ಲೋಟ ಅಲ್ಲ" ಎಂದೆ.

ಅವಳು ಕೇಳಿಸದವಳಂತೆ, ಲೋಟವನ್ನು ಬೋರಲು ಇಟ್ಟಿತು ಎಂದು ಟೈಲರಮ್ಮನಿಗೆ ತಿಳಿಸಿದಳು.

"ಲೋಟ ಅಲ್ಲ ಕಣೇ. ಸ್ಟ್ರಾ. ನೆರಳಿಗೆ ದಪ್ಪ ಎಲ್ಲಿದೆ? ಲೋಟ ಎತ್ತಿದ್ರೆ ನೀರು ಆ ಕಡೆ ಹೋಗಿ ಬೀಳುತ್ತೆ. ಅದಕ್ಕೇ ನೀರಿನ ಟೇಬಲ್ಲಿನವರು ನೆರಳುಗಳಿಗೆ ಅಂತ ಬೇರೆ ಸ್ಟ್ರಾ ಇಟ್ಟಿರ್ತಾರೆ, ಕಪ್ಪು ಬಣ್ಣದ್ದು."

"ಕಪ್ಪು ಯಾಕೆ?" ಎಂದಳು ಅವಳು, ಇನ್ನೂ ರಸ್ತೆಯನ್ನೇ ನೋಡುತ್ತಾ.

"ಬಿಳೀದು ಕೊಟ್ರೆ ಅದಕ್ಕೆ ಕಾಣಿಸಲ್ಲ."

ಹೇಳಿದ ಮೇಲೆ ನಾನೇ ತುಸು ಗಾಬರಿಯಾದೆ. ಬ್ರೇಕ್ ಬೀಳುವುದನ್ನು ಕಾದೆ. ಬೀಳಲಿಲ್ಲ. ಕಿಟಕಿಯೊಳಗೆ ಇಣುಕಿದೆ. ಹೆಂಡತಿ ಎರಡೂ ಕಾಲುಗಳನ್ನು ಪೆಡಲ್ಲುಗಳಿಂದ ತೆಗೆದು, ಸೀಟಿನ ಮೇಲೆ ಮಡಚಿಕೊಂಡು ಕೂತಿದ್ದಳು. ಕಲಿಯುವವರು ಕಾರು ಓಡಿಸುವಾಗ ಅವಳು ಹಾಗೆ ಕೂತದ್ದನ್ನು ನಾನು ಕಂಡಿರಲಿಲ್ಲ. ಬೇರೆ ಯಾರೂ ಕಂಡಿರಲಿಕ್ಕಿಲ್ಲ.

ಅವಳಿಗೆ ಸ್ಟ್ರಾ ಎಂದು ಗೊತ್ತಿತ್ತು. ತರಕಾರಿ ಹೆಚ್ಚುತ್ತಾ ಯಾಕೆ ಎಂದು ಕೇಳಿದವಳು ಅವಳೇ. ಲೋಟ ಎನ್ನುವಾಗ ಅವಳ ಕಿವಿಯ ತುದಿ ಕೆಂಪಗಾಗಿತ್ತು. ನನಗೆ ತಿಳಿದಂತೆ ಅದು ಅವಳ ಜೀವನದ ಮೊದಲ ಸುಳ್ಳು, ಗುಣಮಟ್ಟ ತೀರಾ ಸಾಧಾರಣ.

ಆದರೆ ಆಗ ನನಗೆ ಅದನ್ನೆಲ್ಲ ಮೆಚ್ಚುವ ವ್ಯವಧಾನವಿರಲಿಲ್ಲ. ನನಗೆ ಸಿಟ್ಟು ಬಂದಿತ್ತು. ಸಿಟ್ಟು ಎಂದರೆ ದೊಡ್ಡದೇನಲ್ಲ, ಶರ್ಟಿನ ಒಳಗೆ ಹೋದ ಒಂದು ಕೂದಲಿನಷ್ಟು. ನೆರಳು ಲೋಟ ತೊಳೆದಿಟ್ಟಿತಂತೆ. ಇಂಥ ಕಥೆ ಟೈಲರ್ ಅಂಗಡಿಗೆ ಹೋಗಿ, ಅಲ್ಲಿಂದ ಬಟ್ಟೆ ಕೊಡಲು ಬಂದವರ ಬಾಯಿಗೆ ಬಿದ್ದು ಊರೆಲ್ಲ ಸುತ್ತಿದರೆ ಜನ ನನ್ನ ಬಗ್ಗೆ ಏನು ತಿಳಿದುಕೊಳ್ಳಬೇಕು? ಸುಳ್ಳಿಗೂ ಒಂದು ಲೆಕ್ಕಾಚಾರ ಬೇಡವೇ? ತಿದ್ದತೊಡಗಿದೆ. ನಿಂತಿರಲಿಲ್ಲ, ಕೂತಿತ್ತು. ಮರದ ಕೆಳಗೆ ಎಂದರೆ ಸುಮ್ಮನೆ ಅಲ್ಲ, ಮರದ ನೆರಳಿನ ಹತ್ತಿರ ಹೇಳಿ ಕೇಳಿ ಜಾಗ ಪಡೆದಿತ್ತು. ಅಲ್ಲಿ ಇನ್ನೂ ಎಷ್ಟೋ ನೆರಳುಗಳು ತಮ್ಮ ತಮ್ಮ ಯಜಮಾನರನ್ನು ಕಾಯುತ್ತಾ ಕೂತು, ನಮ್ಮವನು ಎಲ್ಲಿಗೆ ಬಂದನಂತೆ, ನಿಮ್ಮವನಿಗೆ ಸೆಳೆತ ಹಿಡಿಯಿತಂತೆ ಎಂದು ಮಾತಾಡಿಕೊಳ್ಳುತ್ತಿದ್ದವು. ಒಂದು ನೆರಳಿನ ಯಜಮಾನ ಅರ್ಧದಲ್ಲೇ ಆಂಬುಲೆನ್ಸ್ ಹತ್ತಿ ಹೋಗಿದ್ದ, ಪಾಪ, ಅದಕ್ಕೆ ಮನೆಗೆ ಹೋಗಲು ಬಸ್ಸೇ ಗತಿ.

"ಟಿಕೆಟ್ ಕೇಳಲ್ವಾ ಅಣ್ಣ?" ಎಂದರು ಟೈಲರಮ್ಮ.

"ಕೇಳ್ತಾರೆ. ಆದ್ರೆ ಅದು ಮಲಗ್ಕೊಂಡೇ ಹೋಗುತ್ತಲ್ಲ, ಲಗೇಜ್ ಅಂತ ಹಾಕ್ತಾರೆ."

ಮಾತು ತುಂಡಾಗದೆ ಬರುತ್ತಿತ್ತು. ಖುಷಿಯಾಯಿತೇ ಎಂದರೆ ಇಲ್ಲ. ನಲ್ಲಿಯಲ್ಲಿ ಗಾಳಿ ಹೋಗಿ ನೀರು ಬರುವಾಗ ನಲ್ಲಿಗೆ ಖುಷಿಯಾಗುತ್ತದೆಯೋ ಇಲ್ಲವೋ, ಹಾಗೆ. ಗೋಡೆ ಗೋಡೆಯಾಗಿಯೇ ಇತ್ತು, ಬಿಸಿಲು ಬೇರೆ ಯಾರಿಗೋ ಬಿದ್ದ ಹಾಗೆಯೇ ಇತ್ತು. ಆದರೆ ಅಕ್ಕಪಕ್ಕ ನೋಡಿದಾಗ ವೇಬ್ರಿಜ್ ಹಿಂದೆ ಉಳಿದಿತ್ತು. ಕಾರ್ಖಾನೆಯ ಗೋಡೆ ಮುಗಿದಿತ್ತು. ಇನ್ನೊಂದು ವಿಷಯ, ಟೈಲರಮ್ಮ ಕಾರನ್ನು ಒಮ್ಮೆಯೂ ಗಡಗಡ ಎನ್ನಿಸಿರಲಿಲ್ಲ. ಅವರ ಕಣ್ಣು ಬಾನೆಟ್ಟಿನ ತುದಿ ಬಿಟ್ಟು ದೂರಕ್ಕೆ ಹೋಗಿತ್ತು, ಕಾಲಿಗೆ ಮಿಷನ್ ಮರೆತುಹೋಗಿತ್ತು. ಕಾರು ನನ್ನ ಮೊಣಕೈ ಪಕ್ಕದಲ್ಲಿ ಬೆಕ್ಕಿನ ಹಾಗೆ ಬರುತ್ತಿತ್ತು.

ರಸ್ತೆ ಮುಗಿಯುವಲ್ಲಿ ಹೆಂಡತಿ ಕಾಲು ಕೆಳಗಿಳಿಸಿ ಚಪ್ಪಲಿ ಹುಡುಕಿದಳು. ನಿಲ್ಲಿಸಿ ಎಂದು ಟೈಲರಮ್ಮನಿಗೆ ಹೇಳಿದಳು, ಅವರು ತಾವೇ ನಿಲ್ಲಿಸಿದರು. ನಾನೂ ನಿಂತೆ. ಮೊಣಕಾಲ ಮೇಲೆ ಕೈಯೂರಿ ಬಾಗಿದೆ. ಉಸಿರು ಬರುತ್ತಿತ್ತು, ಹೋಗುತ್ತಿತ್ತು.

"ನಾಳೆ ಆ ಬೀಗದ ಕೈ ತಗೋತೀರಾ?" ಎಂದಳು. ಕಿಟಕಿಯ ಗಾಜಿನ ಅಂಚನ್ನು ಬೆರಳಿಂದ ಒರೆಸುತ್ತಿದ್ದಳು. ಅಲ್ಲಿ ಧೂಳೇನೂ ಇರಲಿಲ್ಲ.

ಬೀಗದ ಕೈಯನ್ನು ಒಮ್ಮೆ ಮನಸ್ಸಿಗೆ ತಂದುಕೊಂಡೆ. ಹೋದ ವಾರ ಅದು ಬರೀ ಬೀಗದ ಕೈಯಾಗಿತ್ತು.

"ಆಗಲ್ಲ ಕಣೇ" ಎಂದೆ. "ಆ ಸ್ಟೋರಲ್ಲಿ ಒಂದು ಹಳೇ ಸ್ಪ್ರಿಂಗ್ ಇದೆ. ಗಂಡಸರನ್ನ ಕಂಡ್ರೆ ಆಗಲ್ಲ ಅದಕ್ಕೆ. ಹಿಂದೆ ಇದ್ದವರನ್ನ ಎತ್ತಿ ಎಸೆದಿದ್ದಕ್ಕೆ ಅವರು ನಿವೃತ್ತಿ ದಾಟಿ ಆ ಕಡೆ ಹೋಗಿ ಬಿದ್ದಿದ್ದಾರೆ. ನಾನು ಬಾಗಿಲಲ್ಲೇ ಇರ್ತೀನಿ ಅಂತ ಸಾಹೇಬರಿಗೆ ಹೇಳ್ತೀನಿ."

ಅವಳು ಹ್ಞೂಂ ಎಂದಳು.  ಕಿಟಕಿಯ ಅಂಚು ಒರೆಸುವುದನ್ನು ನಿಲ್ಲಿಸಿದಳು.

ಆಗ ಎಡಗಾಲಿನ ಶೂ ಒಳಗೆ ಏನೋ ಆಯಿತು. ಮೊದಲು ಕಲ್ಲು ಹೋಗಿದೆ ಎಂದುಕೊಂಡೆ. ಕಾಲು ಜಾಡಿಸಿದೆ, ಹೋಗಲಿಲ್ಲ. ಉಗುರು ಹೋದ ಜಾಗದಲ್ಲಿ, ಹೊಸದು ಬರುತ್ತಿರುವ ಕಡೆ, ಸಣ್ಣಗೆ, ಬಿಡದೆ, ನನ್ನದೇ ಬೆರಳಿನಲ್ಲಿ.

"ಹೆಬ್ಬೆರಳು ನೋಯ್ತಿದೆ" ಎಂದೆ.

ಹೆಂಡತಿ ಕಿಟಕಿಯಿಂದ ಬಗ್ಗಿ ನನ್ನ ಶೂ ನೋಡಿದಳು. ಆಮೇಲೆ ನನ್ನ ಮುಖ ನೋಡಿದಳು.

"ಸುಳ್ಳು" ಎಂದಳು. "ಸಾಕು, ಕಾರು ಹತ್ತಿ."

ನಾನು ಹಿಂದಿನ ಸೀಟಿಗೆ ಹತ್ತಿ ಬಾಗಿಲು ಎಳೆದುಕೊಂಡೆ. ನೆರಳು ಹತ್ತಲಿಲ್ಲ. ಅದಕ್ಕೆ ಇನ್ನೂ ಒಂದು ಸುತ್ತು ಓಡುವುದಿತ್ತಂತೆ, ನೀವು ಹೋಗಿರಿ, ಬರುತ್ತೇನೆ ಎಂದಿತು.